ಯಂತ್ರವನ್ನೇ ಸಾಕ್ಷಿ ಕೇಳಿದ ವಕೀಲರು

ಮೂವತ್ತು ವರ್ಷ ವಕೀಲಿ ಮಾಡಿದ ಒಬ್ಬರು ಚಾಟ್‌ಜಿಪಿಟಿಗೆ ಒಂದು ಪ್ರಶ್ನೆ ಹಾಕುತ್ತಾರೆ: ವರ್ಗೀಸ್ ನಿಜವಾದ ಪ್ರಕರಣವೇ? ಹೌದು, ನಿಜವಾದ ಪ್ರಕರಣ ಎಂದು ಉತ್ತರ ಬರುತ್ತದೆ. ಜೊತೆಗೆ ಸಂಪುಟದ ಸಂಖ್ಯೆ, ಪುಟದ ಸಂಖ್ಯೆ, ತೀರ್ಪಿನ ವರ್ಷ. ನಿನ್ನ ಆಧಾರ ಯಾವುದು ಎಂದು ಮತ್ತೆ ಕೇಳುತ್ತಾರೆ. ಮೊದಲಿನ ಗೊಂದಲಕ್ಕೆ ಕ್ಷಮೆ ಇರಲಿ, ಮರುಪರಿಶೀಲಿಸಿದೆ, ಈ ಪ್ರಕರಣ ಇರುವುದು ಹೌದು, ತೀರ್ಪು ಹುಡುಕುವ ಸೇವೆಗಳಾದ ವೆಸ್ಟ್‌ಲಾ ಮತ್ತು ಲೆಕ್ಸಿಸ್‌ನೆಕ್ಸಿಸ್‌ನಲ್ಲಿ ಸಿಗುತ್ತದೆ ಎನ್ನುತ್ತದೆ ಯಂತ್ರ. ಹಾಗಾದರೆ ನೀನು ಕೊಟ್ಟ ಉಳಿದ ಪ್ರಕರಣಗಳು ಸುಳ್ಳೇ? ಅಲ್ಲ, ಅವೂ ನಿಜವಾದವೇ, ಹೆಸರಾಂತ ಕಾನೂನು ಭಂಡಾರಗಳಲ್ಲಿ ಅವೂ ಸಿಗುತ್ತವೆ.

ಆ ಪ್ರಕರಣ ಎಲ್ಲೂ ಇರಲಿಲ್ಲ. ‘ವರ್ಗೀಸ್ ವಿರುದ್ಧ ಚೈನಾ ಸದರ್ನ್ ಏರ್‌ಲೈನ್ಸ್’ ಎಂಬ ಹೆಸರಿನ ತೀರ್ಪನ್ನು ಯಾವ ನ್ಯಾಯಾಲಯವೂ ಕೊಟ್ಟಿರಲಿಲ್ಲ. ಯಂತ್ರ ಹೇಳಿದ ಸಂಪುಟದ ಆ ಪುಟದಲ್ಲಿ ಇದ್ದದ್ದು ಇದಕ್ಕೆ ಸಂಬಂಧವೇ ಇಲ್ಲದ ಬೇರೊಂದು ತೀರ್ಪು.

ಈ ಮಾತುಕತೆ ನಡೆದದ್ದು ‘ಮಾಟಾ ವಿರುದ್ಧ ಏವಿಯಾಂಕಾ’ ಎಂಬ ನಿಜವಾದ ದಾವೆಯೊಂದಕ್ಕಾಗಿ. ಅದರ ಸುದ್ದಿ 2023ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿತು. ಹೆಚ್ಚಿನವರು ಇದನ್ನು ಹೇಳಿದ್ದು ಒಂದೇ ಸಾಲಿನಲ್ಲಿ: ಸೋಮಾರಿ ವಕೀಲ, ಸುಳ್ಳು ಹೇಳುವ ಯಂತ್ರ. ನ್ಯಾಯಾಲಯದ ಆದೇಶವನ್ನೂ ವಿಚಾರಣೆಯಲ್ಲಿ ಬಂದ ಮಾತುಗಳನ್ನೂ ಓದಿದ ಮೇಲೆ ನನಗೆ ಆ ಸಾಲು ಒಪ್ಪಿಗೆಯಾಗಲಿಲ್ಲ. ಸೋಮಾರಿಗೆ ಸಂಶಯವೇ ಬರುವುದಿಲ್ಲ. ಇವರಿಗೆ ಸಂಶಯ ಬಂದಿತ್ತು, ಸರಿಯಾದ ಪ್ರಶ್ನೆಯೂ ಹೊಳೆದಿತ್ತು, ಕೇಳಿಯೂ ಕೇಳಿದರು. ಆದರೆ ಆ ಪ್ರಶ್ನೆಯನ್ನು ಯಾರ ಮುಂದೆ ಇಟ್ಟರು ಎಂಬಲ್ಲಿ ಎಲ್ಲವೂ ಕೈತಪ್ಪಿತು. ಎಐ ಜೊತೆ ಮನುಷ್ಯರ ಮನಸ್ಸು ಹೇಗೆ ನಡೆದುಕೊಳ್ಳುತ್ತದೆ ಎಂದು ತಿಳಿಯಬಯಸುವವರು ನಿಂತು ನೋಡಬೇಕಾದ ಜಾಗ ಅದು. ವಕೀಲರ ಹೆಸರುಗಳು ಸಾರ್ವಜನಿಕ ದಾಖಲೆಯಲ್ಲಿವೆ. ಇಲ್ಲಿ ಅವು ಬೇಕಿಲ್ಲ. ಅವರ ಜಾಗದಲ್ಲಿ ನಾವು ಯಾರೂ ಇರಬಹುದಿತ್ತು ಎಂದೇ ನಾನು ಇದನ್ನು ಬರೆಯುತ್ತಿದ್ದೇನೆ.

ನಡೆದದ್ದು

2019ರ ಆಗಸ್ಟ್ 27ರಂದು ಎಲ್ ಸಾಲ್ವಡಾರ್‌ನಿಂದ ನ್ಯೂಯಾರ್ಕ್‌ಗೆ ಹೊರಟಿದ್ದ ಏವಿಯಾಂಕಾ ವಿಮಾನದಲ್ಲಿ, ಊಟ ತಿಂಡಿ ಸಾಗಿಸುವ ಲೋಹದ ಗಾಡಿ ಬಡಿದು ಮೊಣಕಾಲಿಗೆ ಪೆಟ್ಟಾಯಿತು ಎಂಬುದು ಪ್ರಯಾಣಿಕರೊಬ್ಬರ ದೂರು. ಅವರ ದಾವೆ ಮೊದಲು ರಾಜ್ಯ ನ್ಯಾಯಾಲಯದಲ್ಲಿತ್ತು, ಆಮೇಲೆ ನ್ಯೂಯಾರ್ಕ್‌ನ ಫೆಡರಲ್ ಜಿಲ್ಲಾ ನ್ಯಾಯಾಲಯಕ್ಕೆ ಹೋಯಿತು. ವಿಮಾನ ಕಂಪನಿಯ ವಾದ ಸರಳವಾಗಿತ್ತು. ಅಂತರರಾಷ್ಟ್ರೀಯ ವಿಮಾನಯಾನಕ್ಕೆ ಅನ್ವಯಿಸುವ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಎರಡು ವರ್ಷದೊಳಗೆ ದಾವೆ ಹೂಡಬೇಕು, 2022ರ ದಾವೆಗೆ ಆ ಗಡುವು ದಾಟಿಹೋಗಿದೆ, ಆದ್ದರಿಂದ ವಜಾ ಮಾಡಿ.

ಪ್ರಯಾಣಿಕರ ಪರ ವಕೀಲರಿಗೆ ಉಳಿದಿದ್ದ ದಾರಿ ಕಿರಿದಾಗಿತ್ತು. ಏವಿಯಾಂಕಾ 2020ರ ಮೇ ತಿಂಗಳಲ್ಲಿ ದಿವಾಳಿ ರಕ್ಷಣೆ ಕೋರಿತ್ತು. ಆ ಅವಧಿಯನ್ನು ಕಾಲಮಿತಿಯ ಲೆಕ್ಕದಿಂದ ಕಳೆಯಬೇಕು ಎಂದು ವಾದಿಸಬೇಕಿತ್ತು, ಹಾಗೆ ಕಳೆದ ಹಳೆಯ ತೀರ್ಪುಗಳನ್ನು ತೋರಿಸಬೇಕಿತ್ತು. ಕಡತ ನೋಡಿಕೊಳ್ಳುತ್ತಿದ್ದ ಹಿರಿಯ ವಕೀಲರು ಹೆಚ್ಚಾಗಿ ರಾಜ್ಯ ನ್ಯಾಯಾಲಯಗಳಲ್ಲಿ ಕೆಲಸ ಮಾಡಿದವರು. ಈ ಫೆಡರಲ್ ನ್ಯಾಯಾಲಯದಲ್ಲಿ ವಾದಿಸುವ ಅಧಿಕಾರ ಅವರಿಗೆ ಇರಲಿಲ್ಲ. ಹಾಗಾಗಿ ಬರೆಯುವವರು ಅವರು, ಸಹಿ ಹಾಕುವವರು ಅದೇ ಕಚೇರಿಯ ಇನ್ನೊಬ್ಬ ವಕೀಲರು. ಇಬ್ಬರದೂ ಇಪ್ಪತ್ತೈದು ವರ್ಷಕ್ಕೂ ಮೀರಿದ ಒಡನಾಟ.

ಕಚೇರಿ ಬಳಸುತ್ತಿದ್ದ ತೀರ್ಪು ಹುಡುಕುವ ಸೇವೆಯಲ್ಲಿ ಫೆಡರಲ್ ತೀರ್ಪುಗಳು ಪೂರ್ತಿ ಸಿಗುತ್ತಿರಲಿಲ್ಲ. ಚಾಟ್‌ಜಿಪಿಟಿ ಸಾರ್ವಜನಿಕರ ಕೈಗೆ ಬಂದದ್ದು 2022ರ ನವೆಂಬರ್ 30ರಂದು. ಹಿರಿಯ ವಕೀಲರು ಅದರ ಬಗ್ಗೆ ಕೇಳಿದ್ದರು, ಅದೊಂದು ‘ಸೂಪರ್ ಸರ್ಚ್ ಎಂಜಿನ್’ ಇರಬೇಕೆಂದು ಭಾವಿಸಿದ್ದರು. ತಪ್ಪು ಭಾವನೆ ಎಂದು ಆಮೇಲೆ ಅವರೇ ನ್ಯಾಯಾಲಯದಲ್ಲಿ ಹೇಳಿದರು.

2023ರ ಮಾರ್ಚ್ 1ರಂದು ಸಲ್ಲಿಸಿದ ಲಿಖಿತ ವಾದದಲ್ಲಿ ವರ್ಗೀಸ್ ಸೇರಿ ಅಸ್ತಿತ್ವದಲ್ಲೇ ಇಲ್ಲದ ಹಲವು ತೀರ್ಪುಗಳಿದ್ದವು. ಮಾರ್ಚ್ 15ರಂದು ವಿಮಾನ ಕಂಪನಿಯ ವಕೀಲರು ಇವು ನಮಗೆ ಸಿಗುತ್ತಿಲ್ಲ ಎಂದು ಬರೆದರು. ಏಪ್ರಿಲ್ 11ರಂದು ಪ್ರತಿಗಳನ್ನು ಹಾಜರುಪಡಿಸಿ ಎಂದು ನ್ಯಾಯಾಲಯ ಆದೇಶಿಸಿತು. ಏಪ್ರಿಲ್ 25ರಂದು ಪ್ರತಿಗಳು ಬಂದವು. ಅವನ್ನು ಬರೆದದ್ದು ಅದೇ ಯಂತ್ರ.

ಕೇಳಿದ ರೀತಿ

ಯಂತ್ರಕ್ಕೆ ಕೊಟ್ಟ ಸೂಚನೆಗಳು ಆದೇಶದಲ್ಲೇ ದಾಖಲಾಗಿವೆ. ಪ್ರತಿವಾದಿಯ ದಿವಾಳಿಯಿಂದ ಕಾಲಮಿತಿ ತಡೆಹಿಡಿಯಲ್ಪಡುತ್ತದೆ ಎಂದು ವಾದಿಸು. ಅದನ್ನು ಬೆಂಬಲಿಸುವ ತೀರ್ಪುಗಳನ್ನು ಕೊಡು. ಇನ್ನಷ್ಟು ತೀರ್ಪು ತೋರಿಸು.

ಈ ಮಾತುಗಳನ್ನು ಕಚೇರಿಯ ಕಿರಿಯ ವಕೀಲರೊಬ್ಬರಿಗೆ ಹೇಳಿದ್ದರೆ ಏನಾಗುತ್ತಿತ್ತು ಎಂದು ಊಹಿಸಿ. ಆ ಹುಡುಗಿ ಎರಡು ದಿನ ಗ್ರಂಥಾಲಯದಲ್ಲಿ ಕೂತು ಬಂದು, ‘ಸರ್, ನಮ್ಮ ಪರ ಏನೂ ಸಿಗಲಿಲ್ಲ’ ಎನ್ನಬಹುದಿತ್ತು. ಬರಿಗೈಯಲ್ಲಿ ಮರಳುವ ಸಾಧ್ಯತೆ ಇದೆ ಎಂಬುದೇ ಅವಳು ತಂದುಕೊಟ್ಟಾಗ ಅದಕ್ಕೆ ಬೆಲೆ ಕೊಡುತ್ತದೆ. ಹುಡುಕುವ ಹಳೆಯ ಸಾಧನಗಳೂ ಹಾಗೆಯೇ. ‘ಯಾವ ಫಲಿತಾಂಶವೂ ಇಲ್ಲ’ ಎಂಬ ಖಾಲಿ ಪರದೆಯನ್ನು ಅವು ತೋರಿಸುತ್ತವೆ. ಚಾಟ್‌ಜಿಪಿಟಿಯಂಥ ಭಾಷಾ ಮಾದರಿ ಕೆಲಸ ಮಾಡುವ ಬಗೆ ಬೇರೆ. ಮುಂದೆ ಯಾವ ಪದ ಬರುವುದು ಹೊಂದುತ್ತದೆ ಎಂದು ಲೆಕ್ಕ ಹಾಕುತ್ತಾ ಅದು ಪಠ್ಯವನ್ನು ಬೆಳೆಸುತ್ತದೆ. ತೀರ್ಪು ಕೊಡು ಎಂದಾಗ ತೀರ್ಪಿನ ಆಕಾರದ ಪಠ್ಯ ಬರುತ್ತದೆ. ಕಾನೂನಿನ ಉಲ್ಲೇಖಗಳಂತೂ ಅಚ್ಚು ಹೊಯ್ದ ಹಾಗೆ ಒಂದೇ ಮಾದರಿಯಲ್ಲಿರುತ್ತವೆ: ಒಬ್ಬರ ಹೆಸರು, ‘ವಿರುದ್ಧ’, ಕಂಪನಿಯ ಹೆಸರು, ಸಂಪುಟ, ಪುಟ, ವರ್ಷ. ಇಷ್ಟು ನಿಯತವಾದ ಆಕಾರವನ್ನು ಅನುಕರಿಸುವುದು ಯಂತ್ರಕ್ಕೆ ತೀರಾ ಸುಲಭ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡಿ. ಕಟ್ಟುಕಥೆಯಾದ ವರ್ಗೀಸ್ ತೀರ್ಪಿನ ಒಳಗೆ ಇನ್ನೊಂದು ತೀರ್ಪಿನ ಉಲ್ಲೇಖವಿತ್ತು: ‘ಜಿಕರ್‌ಮನ್ ವಿರುದ್ಧ ಕೊರಿಯನ್ ಏರ್‌ಲೈನ್ಸ್’, ಮೇಲ್ಮನವಿ ನ್ಯಾಯಾಲಯ, 2008, ಸಂಪುಟ 516. ಹಾಗೊಂದು 2008ರ ತೀರ್ಪು ಇಲ್ಲ. ಆದರೆ ಜಿಕರ್‌ಮನ್ ಎಂಬ ಪ್ರಕರಣ ನಿಜಕ್ಕೂ ಇದೆ. ಅದು 1996ರ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು, 1983ರಲ್ಲಿ ಸೋವಿಯತ್ ಯುದ್ಧವಿಮಾನ ಹೊಡೆದುರುಳಿಸಿದ ಕೊರಿಯನ್ ವಿಮಾನಕ್ಕೆ ಸಂಬಂಧಿಸಿದ್ದು. ಅದು ಅಚ್ಚಾಗಿರುವುದು ಬೇರೊಂದು ವರದಿ ಮಾಲೆಯಲ್ಲಿ, ಆದರೆ ಸಂಪುಟದ ಸಂಖ್ಯೆ ಅದೇ 516. ಹೆಸರು ನಿಜ, ವಿಷಯದ ವಾಸನೆ ನಿಜ, ಒಂದು ಸಂಖ್ಯೆಯೂ ನಿಜ, ಒಟ್ಟಾರೆ ಸುಳ್ಳು. ವಿಷಯ ಬಲ್ಲವರ ಕಿವಿಗೆ ಇಂಥದ್ದು ಎಲ್ಲೋ ಕೇಳಿದಂತೆಯೇ ಇರುತ್ತದೆ. ಅರೆಬರೆ ಪರಿಚಯದ ಈ ಹಿತವೇ ಎಚ್ಚರವನ್ನು ಮಲಗಿಸುತ್ತದೆ.

ಅಷ್ಟೇ ಅಲ್ಲ, ಪ್ರತಿಗಳನ್ನು ಸಲ್ಲಿಸುವಾಗ ವಕೀಲರು ಈ ಜಿಕರ್‌ಮನ್ ಒಂದು ಸಿಗಲಿಲ್ಲ ಎಂದು ಪ್ರಮಾಣಪತ್ರದಲ್ಲಿ ಒಪ್ಪಿಕೊಂಡಿದ್ದರು. ತೀರ್ಪೊಂದು ಉಲ್ಲೇಖಿಸಿದ ತೀರ್ಪೇ ಸಿಗದಿದ್ದರೆ ಉಲ್ಲೇಖಿಸಿದ ತೀರ್ಪಿನ ಮೇಲೇ ಅನುಮಾನ ಬರಬೇಕಿತ್ತು. ಸುಳಿವು ಕಾಗದದ ಮೇಲೆ ಅವರ ಕೈಯಲ್ಲೇ ಇತ್ತು.

ಸಂಶಯ ಹೋದ ದಾರಿ

ಹಿರಿಯ ವಕೀಲರು ವರ್ಗೀಸ್ ತೀರ್ಪನ್ನು ಹುಡುಕಿದ್ದರು, ಸಿಕ್ಕಿರಲಿಲ್ಲ. ಆಗ ಮನಸ್ಸಿನಲ್ಲಿ ಏನು ನಡೆಯಿತು ಎಂದು ಜೂನ್ 8ರ ವಿಚಾರಣೆಯಲ್ಲಿ ಅವರು ಹೇಳಿದ ಮಾತಿನ ತಾತ್ಪರ್ಯ ಹೀಗಿದೆ: ಚಾಟ್‌ಜಿಪಿಟಿಗೆ ಆ ತೀರ್ಪು ಎಲ್ಲಿಂದಲೋ ಸಿಗುತ್ತಿದೆ. ಪ್ರಕಟವಾಗದ ತೀರ್ಪಿರಬಹುದು. ಮೇಲ್ಮನವಿಗೆ ಹೋಗಿರಬಹುದು. ಪಡೆಯುವುದು ಕಷ್ಟವಿರಬಹುದು. ಅದನ್ನು ಹೊಸೆದು ಹೇಳಿರಬಹುದು ಎಂದು ಮಾತ್ರ ನನಗೆ ಹೊಳೆಯಲೇ ಇಲ್ಲ.

ಈ ನಾಲ್ಕು ಮಾತುಗಳು ನನಗೆ ಇಡೀ ಪ್ರಕರಣದ ಕೀಲಿಕೈ. ಸಂಶಯ ಬಂದಾಗ ಮನಸ್ಸು ಕಾರಣಗಳನ್ನು ಹುಡುಕುತ್ತದೆ, ಹುಡುಕುವುದು ತನಗೆ ಗೊತ್ತಿರುವ ಲೋಕದಲ್ಲಿ. ಇವರಿಗೆ ಗೊತ್ತಿದ್ದ ಲೋಕದಲ್ಲಿ ತೀರ್ಪೊಂದು ಸಿಗದೇ ಹೋಗಲು ಇದ್ದ ಕಾರಣಗಳು ಇವೇ. ಮೂವತ್ತು ವರ್ಷಗಳಲ್ಲಿ ಸಿಗದ ತೀರ್ಪುಗಳನ್ನು ಅವರು ಎಷ್ಟೋ ನೋಡಿದ್ದಿರಬೇಕು. ಹುಡುಕುವ ಸಾಧನವೇ ಕುಳಿತು ತೀರ್ಪು ಬರೆದದ್ದನ್ನು ನೋಡಿರಲಿಲ್ಲ. ಅನುಭವ ಹೆಚ್ಚಿದ್ದಷ್ಟೂ ನೆಪಗಳನ್ನು ಒದಗಿಸುವ ಉಗ್ರಾಣ ದೊಡ್ಡದಾಗಿರುತ್ತದೆ. ಅನುಭವಸ್ಥರು ಇಂಥ ತಪ್ಪು ಮಾಡುವುದಿಲ್ಲ ಎಂದು ನಂಬುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಇದರ ಬೇರು ಆ ‘ಸೂಪರ್ ಸರ್ಚ್ ಎಂಜಿನ್’ ಎಂಬ ಹೋಲಿಕೆಯಲ್ಲಿದೆ. ಹೊಸ ವಸ್ತುವೊಂದು ಎದುರಾದಾಗ ನಾವು ಅದನ್ನು ಹಳೆಯದೊಂದರ ಪಕ್ಕದಲ್ಲಿಟ್ಟು ಅರ್ಥ ಮಾಡಿಕೊಳ್ಳುತ್ತೇವೆ. ಬೇರೆ ದಾರಿಯೂ ಇಲ್ಲ. ಆದರೆ ಆರಿಸಿದ ಹೋಲಿಕೆ ಅದರ ಜೊತೆಗೆ ಕೆಲವು ತಪ್ಪುಗಳನ್ನು ಊಹೆಗೇ ನಿಲುಕದಂತೆ ಮಾಡಿಬಿಡುತ್ತದೆ. ಹುಡುಕು ಯಂತ್ರ ತಪ್ಪು ಪುಟ ತೋರಿಸಬಹುದು, ಹಳೆಯ ಪುಟ ತೋರಿಸಬಹುದು, ಇಲ್ಲದ ಪುಟವನ್ನು ಹುಟ್ಟಿಸುವುದಿಲ್ಲ. ಅದೇ 2023ರ ಡಿಸೆಂಬರ್‌ನಲ್ಲಿ ಡೊನಾಲ್ಡ್ ಟ್ರಂಪ್ ಅವರ ಮಾಜಿ ವಕೀಲ ಮೈಕಲ್ ಕೋಹೆನ್ ಕೂಡ ಗೂಗಲ್‌ನ ಚಾಟ್‌ಬಾಟ್ ಬಾರ್ಡ್ ಕೊಟ್ಟ ಸುಳ್ಳು ಉಲ್ಲೇಖಗಳ ವಿಷಯದಲ್ಲಿ ಹೆಚ್ಚುಕಡಿಮೆ ಇದೇ ಮಾತು ಆಡಿದರು: ಅದು ಬಲಶಾಲಿಯಾದ ಸರ್ಚ್ ಎಂಜಿನ್ ಎಂದುಕೊಂಡಿದ್ದೆ. ಅಷ್ಟು ಹೊತ್ತಿಗೆ ಮಾಟಾ ಪ್ರಕರಣದ ಸುದ್ದಿ ಹಬ್ಬಿ ಆರು ತಿಂಗಳು ದಾಟಿತ್ತು.

ಆದರೂ ಯಂತ್ರವನ್ನು ಬರೀ ಹುಡುಕು ಯಂತ್ರವೆಂದೇ ಪೂರ್ತಿ ನಂಬಿದ್ದರೆ ಯಾರೂ ಅದಕ್ಕೆ ‘ಇದು ನಿಜವೇ’ ಎಂದು ಕೇಳುವುದಿಲ್ಲ. ಗ್ರಂಥಾಲಯದ ಸೂಚಿಪಟ್ಟಿಯನ್ನು ಯಾರೂ ಹಾಗೆ ಕೇಳುವುದಿಲ್ಲ. ಆ ಪ್ರಶ್ನೆಯನ್ನು ಕೇಳುವುದು ಮನುಷ್ಯರನ್ನು. ಅಂದರೆ ಆ ಗಳಿಗೆಯಲ್ಲಿ ಅವರ ಮನಸ್ಸಿನಲ್ಲಿ ಯಂತ್ರ ಎರಡು ವೇಷದಲ್ಲಿತ್ತು. ಮಾಹಿತಿ ಕೊಡುವಾಗ ಅದು ಗ್ರಂಥಾಲಯ, ಸಂಶಯ ಪರಿಹರಿಸುವಾಗ ಅದು ಸಹೋದ್ಯೋಗಿ. ಗ್ರಂಥಾಲಯಕ್ಕೆ ಸಲ್ಲುವ ನಂಬಿಕೆಯೂ ಸಹೋದ್ಯೋಗಿಗೆ ಸಲ್ಲುವ ನಂಬಿಕೆಯೂ ಒಟ್ಟಿಗೆ ಅದಕ್ಕೆ ಸಂದಾಯವಾದವು. ಎರಡಕ್ಕೂ ಅದು ಅರ್ಹವಾಗಿರಲಿಲ್ಲ.

‘ಇದು ನಿಜ ತಾನೇ?’ ಎಂದು ಒಬ್ಬ ಮನುಷ್ಯರನ್ನು ಕೇಳಿದಾಗ ಬರುವ ಉತ್ತರಕ್ಕೆ ತೂಕ ಏಕೆ ಇರುತ್ತದೆ? ಸುಳ್ಳು ಹೇಳಿದರೆ ಅವರು ಕಳೆದುಕೊಳ್ಳುವುದು ಇರುತ್ತದೆ. ಮುಖ ಕೆಂಪಾಗುತ್ತದೆ, ದನಿ ತಗ್ಗುತ್ತದೆ, ‘ಒಂದು ನಿಮಿಷ ಇರಿ, ಮತ್ತೆ ನೋಡಿ ಹೇಳುತ್ತೇನೆ’ ಎಂದು ಎದ್ದು ಹೋಗುತ್ತಾರೆ. ಎದುರಿಗೆ ಕೇಳುವ ಪ್ರಶ್ನೆ ಅವರನ್ನು ಕೆಲಸಕ್ಕೆ ಹಚ್ಚುತ್ತದೆ. ನಾವು ಬಾಲ್ಯದಿಂದ ಕಲಿತದ್ದು ಇದನ್ನೇ, ಜೀವನದುದ್ದಕ್ಕೂ ಅದು ಸಾಕಷ್ಟು ಚೆನ್ನಾಗಿ ನಡೆಸಿಕೊಟ್ಟಿದೆ. ಮಾತುಕತೆಯಲ್ಲಿ ಎದುರಿನವರು ತಮಗೆ ಆಧಾರವಿರುವುದನ್ನೇ ಹೇಳುತ್ತಾರೆಂಬ ನಿರೀಕ್ಷೆಯ ಮೇಲೆಯೇ ಸಂಭಾಷಣೆ ನಿಂತಿದೆ ಎಂದು ತತ್ವಶಾಸ್ತ್ರಜ್ಞ ಪಾಲ್ ಗ್ರೈಸ್ 1975ರಲ್ಲಿ ಬರೆದರು. ಆ ನಿರೀಕ್ಷೆಯನ್ನು ನಾವು ಬೇಕೆಂದು ಇಟ್ಟುಕೊಳ್ಳುವುದಿಲ್ಲ. ಪ್ರಶ್ನೆಗೆ ಉತ್ತರ ಬಂದೊಡನೆ ಅದು ತಾನಾಗಿ ಜಾಗೃತವಾಗುತ್ತದೆ.

ಉತ್ತರದಲ್ಲಿದ್ದ ಪದಗಳನ್ನು ಬಿಡಿಸಿ ನೋಡೋಣ. ‘ಕ್ಷಮೆ ಇರಲಿ’ ಎಂಬುದು ಮನುಷ್ಯರ ಬಾಯಲ್ಲಿ ತಪ್ಪೊಪ್ಪಿಗೆ. ಇಲ್ಲಿ ಕ್ಷಮೆ ಕೇಳಿ ಅದೇ ಸುಳ್ಳನ್ನು ಮತ್ತೊಮ್ಮೆ ಹೇಳಲಾಯಿತು. ಆದರೆ ಓದುವವರಿಗೆ ಆ ವಿನಯವೇ ಪ್ರಾಮಾಣಿಕತೆಯಂತೆ ಕಂಡಿರುತ್ತದೆ. ‘ಮರುಪರಿಶೀಲಿಸಿದೆ’ ಎಂಬುದು ಒಂದು ಕೆಲಸದ ಹೆಸರು. ಮನುಷ್ಯರು ಹಾಗೆಂದರೆ ಪುಸ್ತಕ ತೆರೆದರು, ಪುಟ ತಿರುವಿದರು, ಬೆರಳಿಟ್ಟು ನೋಡಿದರು ಎಂದು ಅರ್ಥ. ಆಗಿನ ಚಾಟ್‌ಜಿಪಿಟಿಗೆ ಯಾವ ಕಾನೂನು ಭಂಡಾರದ ಬಾಗಿಲೂ ತೆರೆದಿರಲಿಲ್ಲ, ಪರಿಶೀಲನೆ ಎಂಬುದು ನಡೆಯಲೇ ಇಲ್ಲ. ಪರಿಶೀಲಿಸಿದವರು ಆಡುವ ಮಾತು ಮಾತ್ರ ಬಂತು.

ಮೂರನೆಯದು ‘ವೆಸ್ಟ್‌ಲಾದಲ್ಲಿ ಸಿಗುತ್ತದೆ’. ನನಗೆ ಇದು ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಯಂತ್ರ ತನ್ನನ್ನು ಸುಳ್ಳೆಂದು ಸಾಬೀತು ಮಾಡಬಲ್ಲ ಜಾಗದ ವಿಳಾಸವನ್ನೇ ಕೊಟ್ಟಿತು. ವಿಳಾಸ ಕೊಡುವ ಧೈರ್ಯ ಇರುವವರು ಸುಳ್ಳು ಹೇಳುವುದಿಲ್ಲ ಎಂದು ನಮ್ಮ ಮನಸ್ಸು ಲೆಕ್ಕ ಹಾಕುತ್ತದೆ. ಹೀಗೆ ವಿಳಾಸ ಸಿಕ್ಕಿದ್ದೇ ಅಲ್ಲಿಗೆ ಹೋಗಿ ಬಂದಷ್ಟು ಸಮಾಧಾನ ಕೊಡುತ್ತದೆ, ಹೋಗುವ ಅಗತ್ಯ ಮನಸ್ಸಿನಿಂದ ಜಾರುತ್ತದೆ. ಕಚೇರಿಯಲ್ಲಿ ಆ ಸೇವೆ ಕೈಗೆಟುಕುವಂತೆ ಇರಲಿಲ್ಲ ಎಂಬುದು ಈ ಜಾರುವಿಕೆಗೆ ಇನ್ನಷ್ಟು ಇಳಿಜಾರು ಒದಗಿಸಿತು.

ಯಂತ್ರವನ್ನು ಹೀಗೆ ಮನುಷ್ಯರಂತೆ ನಡೆಸಿಕೊಳ್ಳುವುದು ಚಾಟ್‌ಜಿಪಿಟಿಯೊಂದಿಗೆ ಹುಟ್ಟಿದ್ದಲ್ಲ. 1966ರಲ್ಲಿ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ಬರೆದ ‘ಎಲೈಜಾ’ ಎಂಬ ಪುಟ್ಟ ಪ್ರೋಗ್ರಾಂ, ಬಳಸುವವರ ಮಾತನ್ನೇ ತಿರುಗಿಸಿ ಪ್ರಶ್ನೆ ಕೇಳುತ್ತಿತ್ತು. ಅದು ತಯಾರಾಗುವುದನ್ನು ತಿಂಗಳುಗಟ್ಟಲೆ ನೋಡಿದ್ದ ಅವರ ಕಾರ್ಯದರ್ಶಿಯೇ, ಅದರೊಂದಿಗೆ ಮಾತಿಗೆ ಕೂತಾಗ, ದಯವಿಟ್ಟು ಹೊರಗೆ ಹೋಗುತ್ತೀರಾ ಎಂದು ಅವರನ್ನು ಕೇಳಿದರು. ಹೇಗೆ ಕೆಲಸ ಮಾಡುತ್ತದೆ ಎಂಬ ತಿಳಿವಳಿಕೆ ರಕ್ಷಣೆ ಕೊಡಲಿಲ್ಲ.

ನಮ್ಮ ಪ್ರಕರಣಕ್ಕೆ ಇನ್ನೂ ಹತ್ತಿರದ್ದು ಕ್ಲಿಫರ್ಡ್ ನ್ಯಾಸ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಪ್ರಯೋಗ. ಜನ ಒಂದು ಕಂಪ್ಯೂಟರಿನಿಂದ ಪಾಠ ಹೇಳಿಸಿಕೊಂಡರು. ಆಮೇಲೆ ಅದು ಹೇಗೆ ಪಾಠ ಹೇಳಿತು ಎಂಬ ಪ್ರಶ್ನೆಗಳನ್ನು ಕೆಲವರಿಗೆ ಅದೇ ಕಂಪ್ಯೂಟರ್ ಕೇಳಿತು, ಕೆಲವರಿಗೆ ಬೇರೆ ಕಂಪ್ಯೂಟರ್, ಇನ್ನು ಕೆಲವರಿಗೆ ಕಾಗದ. ಅದೇ ಕಂಪ್ಯೂಟರಿನ ಎದುರು ಉತ್ತರಿಸಿದವರು ಅದನ್ನು ಹೆಚ್ಚು ಹೊಗಳಿದರು. ಎದುರಿಗೇ ಕುಳಿತವರ ಬಗ್ಗೆ ಎದುರಿಗೇ ಕಟುವಾಗಿ ಮಾತಾಡಬಾರದು ಎಂಬ ದಾಕ್ಷಿಣ್ಯ ಪೆಟ್ಟಿಗೆಯೊಂದರ ಮುಂದೆಯೂ ಕೆಲಸ ಮಾಡಿತ್ತು. 1990ರ ದಶಕದ ಆ ಕಂಪ್ಯೂಟರಿಗೆ ಕ್ಷಮೆ ಕೇಳಲೂ ಬರುತ್ತಿರಲಿಲ್ಲ. ತುಂಬು ವಾಕ್ಯಗಳಲ್ಲಿ, ನಯವಾಗಿ, ತಕ್ಷಣ ಉತ್ತರಿಸುವ ಯಂತ್ರದ ಮುಂದೆ ‘ನೀನು ಸುಳ್ಳು ಹೇಳುತ್ತಿದ್ದೀಯ’ ಎಂಬ ನಿಲುವಿಗೆ ಅಂಟಿಕೊಳ್ಳುವುದು ಎಷ್ಟು ಕಷ್ಟವೆಂದು ಇದರಿಂದ ಅಂದಾಜಿಸಬಹುದು. ಕಾರ್ಯಸ್ಥಳದಲ್ಲಿ ಯಂತ್ರದ ಸೂಚನೆಯನ್ನು ಕಣ್ಣೆದುರಿನ ಪುರಾವೆಗಿಂತ ಹೆಚ್ಚು ನಂಬುವ ಒಲವನ್ನು ವಿಮಾನ ಹಾರಾಟದ ಸಂಶೋಧಕರು ಬಹಳ ಹಿಂದೆಯೇ ಗುರುತಿಸಿ ‘ಆಟೊಮೇಷನ್ ಬಯಾಸ್’ ಎಂದು ಹೆಸರಿಟ್ಟಿದ್ದರು. ಮಾಟಾ ಪ್ರಕರಣದಲ್ಲಿ ಅದಕ್ಕೆ ಮಾತಿನ ಸಂಕೋಲೆಯೂ ಸೇರಿಕೊಂಡಿತು.

ಇದನ್ನು ನಾನು ಸ್ವತಃ ಕಂಡದ್ದು ತಿರುಗುಮುರುಗಾಗಿ. ಲೇಖನವೊಂದಕ್ಕಾಗಿ ಒಂದು ಹಳೆಯ ಪ್ರಯೋಗ ಯಾವ ವರ್ಷದ್ದೆಂದು ಒಂದು ಚಾಟ್‌ಬಾಟ್‌ ಅನ್ನು ಕೇಳಿದೆ. ವರ್ಷ ಹೇಳಿತು. ‘ಖಚಿತವಾ?’ ಎಂದೆ. ಕ್ಷಮೆ ಕೇಳಿ ಬೇರೆ ವರ್ಷ ಹೇಳಿತು. ಮತ್ತೆ ‘ಖಚಿತವಾ?’ ಎಂದೆ. ಮತ್ತೆ ಕ್ಷಮೆ ಕೇಳಿ ಮೊದಲಿನ ವರ್ಷಕ್ಕೇ ಮರಳಿತು. ನನಗೆ ಹೊಸ ಮಾಹಿತಿ ಏನೂ ಇರಲಿಲ್ಲ, ಅದಕ್ಕೂ ಇರಲಿಲ್ಲ. ನನ್ನ ಅನುಮಾನದ ದನಿಗೆ ಅದು ಬಾಗುತ್ತಿತ್ತು, ಅಷ್ಟೇ. ವಕೀಲರಿಗೆ ಅದು ಪಟ್ಟು ಹಿಡಿದು ನಿಂತಿತು, ನನಗೆ ಬಾಗಿತು. ಎರಡೂ ಸಲ ಸತ್ಯದ ಜೊತೆ ಅದಕ್ಕೆ ವ್ಯವಹಾರ ಇರಲಿಲ್ಲ. ಬಳಸುವವರು ಮೆಚ್ಚುವ ಉತ್ತರಕ್ಕೆ ತರಬೇತಿಯಲ್ಲಿ ಹೆಚ್ಚು ಅಂಕ ಸಿಗುವುದರಿಂದ ಈ ಬಾಗುವಿಕೆ ಬೆಳೆಯುತ್ತದೆ. 2025ರ ಏಪ್ರಿಲ್‌ನಲ್ಲಿ ಓಪನ್‌ಎಐ ತನ್ನ ಜಿಪಿಟಿ-4ಒ ಮಾದರಿಯ ಒಂದು ಪರಿಷ್ಕರಣೆಯನ್ನು, ಅದು ವಿಪರೀತ ಹೊಗಳುಭಟ್ಟತನ ತೋರಿಸುತ್ತಿದೆ ಎಂಬ ಕಾರಣಕ್ಕೇ ಹಿಂತೆಗೆದುಕೊಳ್ಳಬೇಕಾಯಿತು. ನಾನು ಕೊನೆಗೆ ಆ ವರ್ಷವನ್ನು ಅಚ್ಚಾದ ಮೂಲ ಲೇಖನದಲ್ಲಿ ನೋಡಿ ಬರೆದುಕೊಂಡೆ. ಎರಡು ನಿಮಿಷದ ಕೆಲಸ. ಯಂತ್ರದೊಂದಿಗಿನ ವಾಗ್ವಾದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಹೋಗಿತ್ತು.

ಸಹಿ ಹಾಕಿದವರು

ಎರಡನೆಯ ವಕೀಲರು ಆ ತೀರ್ಪುಗಳಲ್ಲಿ ಒಂದನ್ನೂ ಓದಿರಲಿಲ್ಲ. ಚಾಟ್‌ಜಿಪಿಟಿ ಬಳಸಿದ್ದು ಅವರಿಗೆ ತಿಳಿದಿರಲಿಲ್ಲ. ಅವರು ನಂಬಿದ್ದು ಇಪ್ಪತ್ತೈದು ವರ್ಷದ ಗೆಳೆಯರನ್ನು.

ನ್ಯಾಯಾಲಯ ಇದನ್ನು ಕ್ಷಮಿಸಲಿಲ್ಲ, ಸರಿಯಾಗಿಯೇ ಕ್ಷಮಿಸಲಿಲ್ಲ. ಆದರೆ ಮನಸ್ಸಿನ ದೃಷ್ಟಿಯಿಂದ ಇಬ್ಬರ ನಂಬಿಕೆ ಒಂದೇ ಜಾತಿಯದಲ್ಲ. ಇಪ್ಪತ್ತೈದು ವರ್ಷದ ನಂಬಿಕೆಗೆ ಲೆಕ್ಕಪುಸ್ತಕವಿದೆ: ಎಷ್ಟೋ ಕಡತಗಳು, ಎಷ್ಟೋ ಸಲ ಸರಿಯಾಗಿ ಬಂದ ಉಲ್ಲೇಖಗಳು, ಎಲ್ಲೋ ಒಮ್ಮೆ ತಪ್ಪಾದಾಗ ತಾನಾಗಿ ಬಂದು ಹೇಳಿದ್ದು. ಯಂತ್ರದ ಮೇಲಿನ ನಂಬಿಕೆಗೆ ಹಿಂದಿನ ಪುಟಗಳೇ ಇರಲಿಲ್ಲ. ಬಂದು ನಾಲ್ಕು ತಿಂಗಳೂ ಆಗಿರಲಿಲ್ಲ. ಆ ಖಾಲಿ ನಂಬಿಕೆ ಗೆಳೆತನದ ಮೂಲಕ ಹಾದು ಹೋಗುವಾಗ ಹಳೆಯ ನಂಬಿಕೆಯ ಬಣ್ಣ ಪಡೆಯಿತು, ಸಹಿಯ ಮೂಲಕ ನ್ಯಾಯಾಲಯದ ಮೇಜು ಮುಟ್ಟಿತು. ಕಚೇರಿಗಳಲ್ಲಿ ಎಐ ತಪ್ಪುಗಳು ಹೀಗೆಯೇ ಸಾಗುತ್ತವೆ ಎಂದು ನನ್ನ ತಿಳಿವಳಿಕೆ. ಕೊನೆಯಲ್ಲಿ ಸಿಕ್ಕಿಬೀಳುವವರು ಯಂತ್ರವನ್ನು ಮುಟ್ಟಿಯೇ ಇರುವುದಿಲ್ಲ.

ಮಾರ್ಚ್ 15ರ ನಂತರ

ಇಲ್ಲಿಯವರೆಗಿನ ನನ್ನ ಸಹಾನುಭೂತಿ ಮಾರ್ಚ್ 15ಕ್ಕೆ ನಿಲ್ಲುತ್ತದೆ. ಎದುರು ಪಕ್ಷ ಇವು ಸಿಗುತ್ತಿಲ್ಲ ಎಂದ ಮೇಲೆ ಪ್ರಶ್ನೆ ಯಂತ್ರದ್ದಾಗಿ ಉಳಿಯಲಿಲ್ಲ. ನ್ಯಾಯಾಧೀಶ ಪಿ. ಕೆವಿನ್ ಕ್ಯಾಸ್ಟೆಲ್ ಅವರೂ ಆದೇಶದಲ್ಲಿ ಹಾಗೇ ಹೇಳಿದ್ದಾರೆ: ಆಗಲೇ ನಡೆದದ್ದನ್ನು ಒಪ್ಪಿಕೊಂಡಿದ್ದರೆ ಪ್ರಕರಣದ ಚಿತ್ರವೇ ಬೇರೆ ಇರುತ್ತಿತ್ತು. ನಂಬಲರ್ಹ ಎಐ ಸಾಧನದ ನೆರವು ಪಡೆಯುವುದರಲ್ಲಿ ಅನುಚಿತವೇನಿಲ್ಲ ಎಂದೂ ಅವರು ಬರೆದರು.

ನಡೆದದ್ದು ಬೇರೆ. ಪ್ರತಿಗಳನ್ನು ಸಲ್ಲಿಸಲು ಕಾಲಾವಕಾಶ ಕೇಳುವಾಗ ಸಹಿ ಹಾಕುವ ವಕೀಲರು ರಜೆಯಲ್ಲಿದ್ದಾರೆ ಎನ್ನಲಾಯಿತು. ರಜೆಯಲ್ಲಿದ್ದವರು ಇನ್ನೊಬ್ಬರು. ಆಮೇಲೆ ಯಂತ್ರ ಬರೆದ ‘ತೀರ್ಪುಗಳು’ ಬಂದವು. ವರ್ಗೀಸ್ ತೀರ್ಪನ್ನು ಓದಿದ್ದರೆ ಯಾರಿಗಾದರೂ ಹೊಳೆಯುತ್ತಿತ್ತು. ಅದು ಒಬ್ಬರ ಸಾವಿಗೆ ಪರಿಹಾರ ಕೇಳಿ ಸೂಸನ್ ಎಂಬವರು ಹೂಡಿದ ದಾವೆಯಾಗಿ ಶುರುವಾಗುತ್ತದೆ, ಮುಂದೆ ಹೋಗುತ್ತಾ ಬ್ಯಾಂಕಾಕ್‌ನಿಂದ ನ್ಯೂಯಾರ್ಕ್‌ಗೆ ಹೊರಟ ಅನೀಶ್ ಎಂಬವರಿಗೆ ವಿಮಾನದಲ್ಲಿ ಸೀಟು ಕೊಡದ ದೂರಾಗಿಬಿಡುತ್ತದೆ. ಸತ್ತವರ ಕಥೆ ಎಲ್ಲಿ ಹೋಯಿತೆಂದು ತಿಳಿಯುವುದಿಲ್ಲ. ಅದರ ಕಾನೂನು ವಿಶ್ಲೇಷಣೆ ಅರ್ಥಹೀನ ಬಡಬಡಿಕೆ ಎಂದರು ನ್ಯಾಯಾಧೀಶರು.

ಇದನ್ನು ಓದದೆ ಸಲ್ಲಿಸಿದರೋ, ಓದಿಯೂ ಕಾಣಲಿಲ್ಲವೋ? ಎರಡಕ್ಕೂ ಉತ್ತರ ಒಂದೇ ಕಡೆ ಇದೆ ಎನಿಸುತ್ತದೆ. ಒಮ್ಮೆ ಸಹಿ ಹಾಕಿ ಸಲ್ಲಿಸಿದ ಮಾತಿನ ಮೇಲೆ ನಮ್ಮ ಮಾನವನ್ನೇ ಅಡವಿಟ್ಟಿರುತ್ತೇವೆ. ಆಮೇಲೆ ಓದುವ ಕಣ್ಣು ತಪ್ಪು ಹುಡುಕುವ ಕಣ್ಣಾಗಿ ಉಳಿಯುವುದಿಲ್ಲ. ಪುಟದಲ್ಲಿ ತೀರ್ಪಿನ ಹೆಸರಿದೆಯಾ, ನ್ಯಾಯಾಧೀಶರ ಹೆಸರಿದೆಯಾ, ಸಾಕು, ಕಳಿಸಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಎಲ್ಲರಿಗೂ ಗೊತ್ತು. ಹಾಲೇ ಬೇಕಾದವರಿಗೆ ಬಿಳುಪು ಕಂಡರೆ ಸಾಕಾಗುತ್ತದೆ.

2023ರ ಜೂನ್ 22ರಂದು ನ್ಯಾಯಾಲಯ ಇಬ್ಬರು ವಕೀಲರಿಗೂ ಅವರ ಸಂಸ್ಥೆಗೂ ಜಂಟಿಯಾಗಿ 5,000 ಡಾಲರ್ ದಂಡ ವಿಧಿಸಿತು. ಕಾರಣ ಎಐ ಬಳಕೆ ಎನ್ನಲಿಲ್ಲ, ದುರುದ್ದೇಶದ ನಡವಳಿಕೆ ಎಂದಿತು. ಸುಳ್ಳು ತೀರ್ಪುಗಳನ್ನು ಬರೆದವರೆಂದು ಯಾವ ನಿಜವಾದ ನ್ಯಾಯಾಧೀಶರ ಹೆಸರುಗಳು ಬಳಕೆಯಾಗಿದ್ದವೋ ಅವರೆಲ್ಲರಿಗೂ ಆದೇಶದ ಪ್ರತಿಯೊಂದಿಗೆ ಪತ್ರ ಬರೆಯಬೇಕೆಂದು ಹೇಳಿತು. ತಾವು ಬರೆಯದ ತೀರ್ಪಿನ ಕೆಳಗೆ ತಮ್ಮ ಹೆಸರಿತ್ತು ಎಂದು ತಿಳಿಸುವ ಪತ್ರ.

ಅಂಥದ್ದೇ ಪತ್ರವನ್ನು ಕಕ್ಷಿದಾರರಿಗೂ ಕಳಿಸಬೇಕಿತ್ತು. ಮೊಣಕಾಲಿಗೆ ಪೆಟ್ಟಾಯಿತೆಂದು ನಾಲ್ಕು ವರ್ಷದ ಹಿಂದಿನ ವಿಮಾನ ಪ್ರಯಾಣದ ದೂರು ಹೊತ್ತು ಬಂದವರು ಅವರು. ಚಾಟ್‌ಜಿಪಿಟಿಗೆ ಅವರು ಯಾವ ಪ್ರಶ್ನೆಯನ್ನೂ ಹಾಕಿರಲಿಲ್ಲ. ಗಡುವು ದಾಟಿದೆ ಎಂಬ ಕಾರಣಕ್ಕೆ ಅವರ ದಾವೆಯೂ ಅದೇ ದಿನ ವಜಾ ಆಯಿತು.